ಅಮವಾಸ್ಯೆ ಜೀಪು ಮತ್ತು ನಮ್ಮ ಮನೆಯ ಮಿಸ್ತ್ರಿ

ನನ್ನ ಗಂಡ ಜಲಾಲುದ್ದೀನ ಮಿಸ್ತ್ರಿ ಜೀವನದಲ್ಲಿ ಒಂದೂ ತಪ್ಪು ಮಾಡಿದವರಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಇಳಕಲ್ಲಿನ ಹೆದ್ದಾರಿ ಬದಿಯಲ್ಲಿ, ಕೆಂಪು ಗ್ರಾನೈಟ್ ಹೇರಿಕೊಂಡ ಲಾರಿಗಳು ಚಹಾಕ್ಕೆ ನಿಲ್ಲುವ ಜಾಗದಲ್ಲಿ, ಅವರ ಆಟೋ ಇಲೆಕ್ಟ್ರಿಕ್ ಅಂಗಡಿ ಇದೆ. ಗಾಡಿಗಳ ಬ್ಯಾಟರಿ, ಡೈನಮೋ, ದೀಪ, ಹಾರ್ನು ಎಲ್ಲಕ್ಕೂ ಅವರೇ ಡಾಕ್ಟರು. ಅದಕ್ಕೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ. ನಡುವೆ ತಗಡಿನ ಗೋಡೆ, ಗೋಡೆಗೊಂದು ಕಿಟಕಿ. ಆ ಕಿಟಕಿಯಿಂದ ಚಹಾ ಆ ಕಡೆ ಹೋಗುತ್ತದೆ, ಬಡಾಯಿ ಈ ಕಡೆ ಬರುತ್ತದೆ.

"ನನ್ನ ಕೈ ತಪ್ಪಬೇಕಂದ್ರ ಸೂರ್ಯ ಹುನಗುಂದದ ಕಡಿಯಿಂದ ಹುಟ್ಟಬೇಕು" ಎನ್ನುವುದು ಅವರ ಖಾಯಂ ಮಾತು. ಹುನಗುಂದ ನಮಗೆ ಸೂರ್ಯ ಮುಳುಗುವ ದಿಕ್ಕು.

ನಮ್ಮ ಮನೆಯಲ್ಲಿ ಪ್ರೀತಿ ಮಾಡುವುದು, ಊಟಕ್ಕೆ ಕರೆಯುವುದು ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಕನ್ನಡದಲ್ಲಿ ಬೈದರೇನೇ ಬೈದಂತೆ ಅನಿಸುತ್ತದೆ. ಹಾಗಾಗಿ ಇವರ ಬಗ್ಗೆ ಬರೆಯಲು ಕನ್ನಡವೇ ಸರಿ ಎಂದು ಕುಳಿತಿದ್ದೇನೆ.

ಇವರ ಗುಣ ತಿಳಿಯಬೇಕಾದರೆ ನನ್ನ ಹೊಲಿಗೆ ಯಂತ್ರವನ್ನು ಕೇಳಿ. ಮದುವೆಯಾದ ಹೊಸದರಲ್ಲಿ, ನನ್ನ ಕಾಲು ನೋಯಬಾರದೆಂದು ಯಂತ್ರಕ್ಕೆ ಮೋಟಾರು ಕೂಡಿಸಿಕೊಟ್ಟರು. ಮೊದಲ ಕುಪ್ಪಸದ ತೋಳು ಮುಗಿಯುವ ಮೊದಲೇ ಮೋಟಾರಿನಿಂದ ಹೊಗೆ ಬಂತು. ಕುಪ್ಪಸ ಸುಟ್ಟಿತು, ನನ್ನ ಬೆರಳೂ ಚುರ್ ಎಂದಿತು. ಇವರು ಬಂದು ನೋಡಿ, ಮೂಸಿ, "ಲೈನಿನ ತಪ್ಪು. ಕರೆಂಟ್ ಸರಿ ಕೊಡಾಂಗಿಲ್ಲ ಇವರು" ಎಂದು ತೀರ್ಪು ಕೊಟ್ಟು ಹೋದರು. ಅಂದಿನಿಂದ ಇಂದಿನವರೆಗೆ ನಾನು ಕಾಲಿನಲ್ಲೇ ತುಳಿಯುತ್ತಿದ್ದೇನೆ. ಇವರ ಕೈಯಲ್ಲಿ ಅನ್ನ ಸೀದರೆ ಅದು ಒಲೆಯ ತಪ್ಪು. ದಾರಿ ತಪ್ಪಿದರೆ ಅದು ರಸ್ತೆ ಮಾಡಿದವರ ತಪ್ಪು. ಒಮ್ಮೆ ಬಾಗಲಕೋಟೆಯಲ್ಲಿ ಬೇರೆಯವರ ಮದುವೆಗೆ ಹೋಗಿ ಉಂಡು ಬಂದೆವು. ಅದೂ ಮದುವೆಯವರ ತಪ್ಪೇ.

ಆದರೆ ಕೆಲಸ ಗೊತ್ತಿಲ್ಲದವರಲ್ಲ. ಅದನ್ನು ಮುಚ್ಚಿಟ್ಟರೆ ನನಗೆ ಒಳ್ಳೆಯದಾಗುವುದಿಲ್ಲ. ನಮ್ಮ ಮಾವನವರು ಸೀರೆ ನೇಯುತ್ತಿದ್ದರು. ಇವರು ಚಿಕ್ಕಂದಿನಲ್ಲಿ ಮಗ್ಗದ ಪಕ್ಕ ಕುಳಿತು ನೂಲು ಸುತ್ತಿಕೊಡುತ್ತಿದ್ದರಂತೆ. ಮಾವ ಒಂದು ಮಾತು ಹೇಳುತ್ತಿದ್ದರು: "ಎಳಿ ಹರದ್ರ ಮಗ್ಗಕ್ಕ ಬೈಬ್ಯಾಡ. ಹರದ ಎಳಿ ಹಿಡಕೊಂಡು ಹಿಂದಕ್ಕ ಹೋಗು. ಎಲ್ಲೋ ಒಂದು ಕಡೆ ಸಿಕ್ಕೇ ಸಿಗ್ತದ." ಇವರು ನೂಲು ಬಿಟ್ಟು ತಾಮ್ರದ ತಂತಿ ಹಿಡಿದ ಮೇಲೂ ಆ ಮಾತನ್ನೇ ಹಿಡಿದುಕೊಂಡು ಹೆಸರು ಮಾಡಿದರು. ಒಂದು ವೈರಿನ ತುದಿ ಹಿಡಿದರೆ ಇನ್ನೊಂದು ತುದಿ ಮುಟ್ಟುವವರೆಗೆ ಚಹಾ ಸಹ ಕುಡಿಯುತ್ತಿರಲಿಲ್ಲ. ಹೆಸರು ಬಂದ ಮೇಲೆ ಕೆಟ್ಟರು. ಹಕೀಮರು ನಾಡಿ ಹಿಡಿದಂತೆ ಬಾನೆಟ್ಟಿನ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ತೆರೆಯುವ ಮೊದಲೇ "ಕಾರ್ಬನ್ ಹೋಗೇತಿ" ಎಂದು ಹೇಳುವ ಚಟ ಅಂಟಿತು. ಹತ್ತರಲ್ಲಿ ಒಂಬತ್ತು ಸಲ ಸರಿಯೇ ಇರುತ್ತಿತ್ತು. ಉಳಿದ ಒಂದು ಸಲ ಗಾಡಿಯ ತಪ್ಪು.

ಈ ಚಟಕ್ಕೆ ಔಷಧಿಯಾಗಿ ಬಂದದ್ದು ಕನಕಪ್ಪನವರ ಜೀಪು.

ಕನಕಪ್ಪ ಹುನಗುಂದದ ಆಚೆಯ ಹಳ್ಳಿಯವರು, ಬೀರಪ್ಪನ ಒಕ್ಕಲು. ಕುರಿ, ಜೋಳದ ಹೊಲ ಎಲ್ಲ ಇದೆ. ಹುಡುಗನಾಗಿದ್ದಾಗ ಮಿಲಿಟರಿ ಸೇರಿ ಹಿಮದ ಗುಡ್ಡಗಳಲ್ಲಿ ಗಾಡಿ ಓಡಿಸಿ, ಮೀಸೆ ಬೆಳ್ಳಗಾದ ಮೇಲೆ ಊರಿಗೆ ಬಂದರು. ಬಂದವರು ಸುಮ್ಮನೆ ಬರಲಿಲ್ಲ. ಹರಾಜಿನಲ್ಲಿ ಮಿಲಿಟರಿಯ ಒಂದು ಹಳೆ ಜೀಪು ಹಿಡಿದು ತಂದರು. ಹಸಿರು ಬಣ್ಣ, ಚಪ್ಪಟೆ ಮೂತಿ, ಬಾಗಿಲೇ ಇಲ್ಲ, ಬೇರೆ ಗಾಡಿಗೆ ಒಂದು ಬ್ಯಾಟರಿಯಾದರೆ ಇದಕ್ಕೆ ಎರಡು. ತಾವು ಸೈನ್ಯದಲ್ಲಿ ಓಡಿಸಿದ ಜೀಪೇ ಇದು ಎಂದು ಅವರ ವಾದ. ಯಾರೂ ನಂಬಲಿಲ್ಲ. ಯಾರೂ ಎದುರಾಡಲೂ ಇಲ್ಲ, ಯಾಕೆಂದರೆ ಅವರ ಮೀಸೆ ಹಾಗಿತ್ತು.

ಕನಕಪ್ಪನವರ ಹೆಂಡತಿ ಸತ್ಯವ್ವ. ಆಕೆ ಜೀಪನ್ನು ಕರೆಯುತ್ತಿದ್ದದ್ದು "ನನ್ನ ಸವತಿ" ಎಂದು. "ಮುಂಜಾನೆ ಎದ್ದು ನನ್ನ ಮಾರಿ ನೋಡಾಂಗಿಲ್ಲ, ಅದರ ಮಾರಿ ಒರಸ್ತಾರ" ಎಂದು ನನ್ನ ಮುಂದೆ ಹೇಳಿಕೊಂಡಿದ್ದಳು. ಆಕೆಯ ಕುಪ್ಪಸ ಹೊಲಿಯುವವಳು ನಾನೇ, ಆಕೆಗೆ ನಾನು ಬಾನಕ್ಕ. ಅಳತೆಗೆ ಕೈ ಎತ್ತಿ ನಿಂತಾಗಲೆಲ್ಲ ಆಕೆಗೆ ಜೀಪು ನೆನಪಾಗುತ್ತಿತ್ತು. ಕನಕಪ್ಪನವರದು ಮಿಲಿಟರಿ ಶಿಸ್ತು. ನಮ್ಮ ಕಡೆ ಅಮವಾಸ್ಯೆ ಬಂತೆಂದರೆ ಪ್ರತಿ ಗಾಡಿಗೂ ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ, ಬೀರಪ್ಪನ ಭಕ್ತರಾದರೆ ಭಂಡಾರವೆಂದು ದೇವರ ಅರಿಶಿಣವನ್ನು ಮುಷ್ಟಿಗಟ್ಟಲೆ ತೂರುತ್ತಾರೆ. ಹಳದಿ ಇಲ್ಲದ ಟ್ರ್ಯಾಕ್ಟರು ಕಂಡರೆ ಕದ್ದ ಮಾಲೋ ಏನೋ ಎಂದು ಅನುಮಾನ ಬರಬೇಕು, ಹಾಗೆ. ಆದರೆ ಕನಕಪ್ಪ, "ಜೀಪಂದ್ರ ಸಿಪಾಯಿ. ಅದಕ್ಕ ನೀರು, ಅರಿವಿ, ಎಣ್ಣಿ ಸಾಕು. ಪೂಜಿ ವರ್ಷಕ್ಕ ಒಮ್ಮೆ" ಎಂದು ಆರ್ಡರು ಹೊರಡಿಸಿದ್ದರು. ಅಮವಾಸ್ಯೆಯ ನಸುಕಿನಲ್ಲಿ ಬೀರಪ್ಪನ ಗುಡಿಗೆ ತಾವು ನಡೆದೇ ಹೋಗಿಬರುತ್ತಿದ್ದರು, ಜೀಪಿಗೆ ಮಾತ್ರ ವಿಶ್ರಾಂತಿ.

ಜೀಪಿನ ರೋಗ ಇಷ್ಟೇ: ಚಾರ್ಜ್ ಆಗುತ್ತಿರಲಿಲ್ಲ. ಎಂಜಿನು ತಿರುಗುವಾಗ ಡೈನಮೋ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಬೇಕು. ತುಂಬಲಿಲ್ಲವೆಂದರೆ ಬ್ಯಾಟರಿ ಇದ್ದಷ್ಟು ಖರ್ಚು ಮಾಡಿ ಕೈ ಎತ್ತುತ್ತದೆ. ಸ್ಟೇರಿಂಗ್ ಮುಂದಿನ ಚಿಕ್ಕ ಗಡಿಯಾರದಂಥ ಮೀಟರಿನಲ್ಲಿ ಮುಳ್ಳು ಇತ್ತ ಬಂದರೆ ತುಂಬುತ್ತಿದೆ, ಅತ್ತ ಹೋದರೆ ಸೋರುತ್ತಿದೆ. ಕನಕಪ್ಪನವರ ಮುಳ್ಳು ಅತ್ತಲೇ ಹೋಗಿ ಮಲಗಿರುತ್ತಿತ್ತು.

ಮೊದಲ ಸಲ ಬಂದಾಗ ಇವರು ಬಾನೆಟ್ಟಿನ ಮೇಲೆ ಕೈ ಇಟ್ಟು "ಕಾರ್ಬನ್" ಎಂದರು. ಡೈನಮೋದೊಳಗೆ ಉಜ್ಜಿ ಸವೆಯುವ ತುಂಡು ಅದು. ಬದಲಿಸಿದರು, ಎಲ್ಲ ಬಿಚ್ಚಿ ಜೋಡಿಸಿದರು, ಚಾರ್ಜ್ ಶುರುವಾಯಿತು. ಕನಕಪ್ಪ ಸೆಲ್ಯೂಟ್ ಹೊಡೆದು ಹೋದರು. ಒಂದು ತಿಂಗಳಿಗೆ ಮತ್ತೆ ಬಂದರು. ಇವರು ಕೈ ಇಟ್ಟರು, "ರೆಗ್ಯುಲೇಟರ್" ಎಂದರು. ಡೈನಮೋಗೆ ಎಷ್ಟು ದುಡಿ ಎಂದು ಹೇಳುವ ಡಬ್ಬಿ ಅದು. ಬಿಚ್ಚಿ, ಒಳಗೆ ತಿಕ್ಕಿ, ಮತ್ತೆ ಕೂಡಿಸಿದರು. ಸರಿಯಾಯಿತು, ಸೆಲ್ಯೂಟು ಬಂತು. ಮತ್ತೊಂದು ತಿಂಗಳಿಗೆ ಮತ್ತೆ ಹಾಜರು. ಪಕ್ಕದ ಬ್ಯಾಟರಿ ಅಂಗಡಿಯ ಅಶ್ಫಾಕನಿಗೆ ಊರ ಸುದ್ದಿಯೇ ಊಟ. ಅವನು ಚಹಾ ಕುಡಿಯುತ್ತ ಲೆಕ್ಕ ಹಾಕಿ, "ಚಾಚಾ, ನೋಡ್ರಿ ಮತ್ತ. ಅಮವಾಸ್ಯಿ ಮುಗೀತು, ಜೀಪ್ ಬಂತು. ಇದು ಕರೆಂಟಿಂದಲ್ಲ, ಗಾಳಿದು. ಸೈನ್ಯದಾಗ ಯಾರೋ ಸತ್ತಿರಬೇಕು ಇದರಾಗ" ಎಂದ.

ಇವರು ನಟ್ಟು ಬಿಗಿಯುವ ಪಾನಾ ಎಸೆಯುವುದೊಂದು ಬಾಕಿ. "ಲೇ ಅಶ್ಫಾಕ, ದೆವ್ವ ಹಿಡದಿದ್ದು ನಿನ್ನ ನಾಲಿಗಿಗೆ!"

ಆದರೂ ಹೆಸರು ಬಿದ್ದೇಬಿಟ್ಟಿತು. ಅಮವಾಸ್ಯೆ ಜೀಪು. ಲಾರಿಯವರು ಹಾರ್ನ್ ಹೊಡೆದು, "ಮಿಸ್ತ್ರಿ, ಈ ಅಮವಾಸ್ಯಿ ಬಂದಿತ್ತೇನ್ರಿ ನಿಮ್ಮ ಬೀಗರ ಗಾಡಿ?" ಎಂದು ಕೇಳಿ ಹೋಗುತ್ತಿದ್ದರು. ಇವರು ರೊಟ್ಟಿ ಮುರಿಯುತ್ತ ಅರ್ಧಕ್ಕೆ ನಿಲ್ಲಿಸಿ ಗೋಡೆ ನೋಡುತ್ತಿದ್ದರು. ನಾನು, "ನಿಮ್ಮಪ್ಪ ಹೇಳಿದ್ದು ಮರತ್ರ್ಯಾ? ಕೈ ಇಟ್ಟು ಭವಿಷ್ಯ ಹೇಳೂದು ಬಿಟ್ಟು ಎಳಿ ಹಿಡಕೊಂಡು ಹೋಗ್ರಿ" ಎಂದೆ. "ನೀ ನಿನ್ನ ಸೂಜಿ ನೋಡಕೋ" ಎಂದರು. ನನ್ನ ಮಾತು ನಾಟಿತ್ತೆಂದು ನನಗೆ ಗೊತ್ತಾಯಿತು, ಯಾಕೆಂದರೆ ಆ ದಿನ ಚಹಾಕ್ಕೆ ಸಕ್ಕರೆ ಸಾಲದೆಂದು ಕೂಗಲಿಲ್ಲ.

ವಿಷಯ ಬಿಗಡಾಯಿಸಿದ್ದು ಕಮತಗಿಯಲ್ಲಿ. ಸತ್ಯವ್ವನ ತವರು ಅದು. ಅಣ್ಣ ನಿಂಗರಾಜನಿಗೆ ಸಂತೆಯ ನಡುವೆಯೇ ಗೊಬ್ಬರದ ಅಂಗಡಿ. ಸರಿಯಾಗಿ ಆ ಅಂಗಡಿಯ ಮುಂದೆ, ಸಂತೆಯ ದಿನ, ಜೀಪು ಗೊಗ್ಗರು ಸದ್ದು ಮಾಡಿ ನಿಂತಿತು. ಕನಕಪ್ಪ ಸ್ಟೇರಿಂಗ್ ಬಿಟ್ಟು ಇಳಿಯುವವರಲ್ಲ. ಸೈನ್ಯದಲ್ಲಿ ಡ್ರೈವರ್ ಇಳಿಯುವಂತಿಲ್ಲವಂತೆ. ಹಾಗಾಗಿ ಇಳಕಲ್ಲ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ತವರಿಗೆ ಠೀವಿಯಿಂದ ಬಂದ ಸತ್ಯವ್ವ ಇಳಿದು ಹಿಂದಿನಿಂದ ನೂಕಬೇಕಾಯಿತು. ಉಳ್ಳಾಗಡ್ಡಿ ಮಾರುವವರೆಲ್ಲ ಎದ್ದು ನಿಂತು ನೋಡಿದರು. ನಿಂಗರಾಜ ಅಂಗಡಿಯ ಮೆಟ್ಟಿಲ ಮೇಲಿಂದ, "ಎಪ್ಪಾ ಮಾವಾ, ಜೀಪಿನ ಎತ್ತು ಭಾಳ ಚಲೋ ಐತಿ!" ಎಂದು ನಕ್ಕ.

ಸತ್ಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತು ಘೋಷಿಸಿದಳು. "ಕೇಳ್ರಿ ಎಲ್ಲಾರೂ. ಈ ಜೀಪ್ ಇನ್ನೊಮ್ಮೆ ದಾರಿಯಾಗ ನಿಂತ್ರ ಗುಜರಿಗೆ. ಇಲ್ಲಂದ್ರ ನಾ ಇವರ ಮನ್ಯಾಗ ಇರಾಕಿ ಅಲ್ಲ. ಬೀರಪ್ಪನ ಆಣಿ!"

ಕನಕಪ್ಪ ಸ್ಟೇರಿಂಗ್ ಹಿಡಿದುಕೊಂಡೇ ತಲೆಯಾಡಿಸಿದರಂತೆ. ದೇವರ ಆಣೆ, ಅದೂ ಅಣ್ಣನ ಮುಂದೆ, ಇಡೀ ಸಂತೆಯ ಮುಂದೆ. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಬ್ಬರಿಗೂ ದಾರಿ ಇರಲಿಲ್ಲ. ಅಲ್ಲಿಂದ ನೇರ ಇಳಕಲ್ಲಿಗೆ ಬಂದರು. ಇವರು ಎರಡೂ ಬ್ಯಾಟರಿಯನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಬಿಚ್ಚಿ ಬಿಗಿದು, "ಇನ್ನ ಇದು ನಿಂತ್ರ ನನ್ನ ಹೆಸರು ಬದಲಿ ಮಾಡ್ರಿ" ಎಂದರು. ನಾನು ಕಿಟಕಿಯಲ್ಲಿ ನಿಂತು ಆಗಲೇ ಹೊಸ ಹೆಸರು ಹುಡುಕತೊಡಗಿದ್ದೆ.

ಅಮವಾಸ್ಯೆ ಬಂತು. ಅದಾದ ಮೂರ್ನಾಲ್ಕು ದಿನಕ್ಕೆ ಗುಳೇದಗುಡ್ಡದಲ್ಲಿ ಅವರ ಬೀಗರ ಮನೆಯ ನಿಶ್ಚಯ ಕಾರ್ಯ. ಜೀಪಿನಲ್ಲೇ ಹೋಗುವುದೆಂದು ಕನಕಪ್ಪ ಹಟ ಹಿಡಿದರು. ಹೊರಟು ಹುನಗುಂದ ಮುಟ್ಟುವ ಮೊದಲೇ ಜೀಪು ನಿಂತಿತು.

ಮುಂಜಾನೆ ಅಂಗಡಿಯ ಕದ ತೆಗೆಯುತ್ತಿದ್ದೆ. ಹುನಗುಂದದ ಕಡೆಯಿಂದ ಒಂದು ಟ್ರ್ಯಾಕ್ಟರು ಬಂತು. ಓಡಿಸುತ್ತಿದ್ದವನು ನಿಂಗರಾಜ, ತಂಗಿಯನ್ನು ಕಾರ್ಯಕ್ಕೆ ಕರೆದೊಯ್ಯಲು ಬಂದವನು ಸಾಕ್ಷಿಯಾಗಿಬಿಟ್ಟಿದ್ದ. ಹಿಂದೆ ಹಗ್ಗ ಕಟ್ಟಿಕೊಂಡು ಜೀಪು. ಜೀಪಿನಲ್ಲಿ ಮೀಸೆ ಇಳಿಬಿಟ್ಟ ಕನಕಪ್ಪ, ಪಕ್ಕದಲ್ಲಿ ತುಟಿ ಬಿಗಿದ ಸತ್ಯವ್ವ.

"ಮಿಸ್ತ್ರಿ" ಎಂದರು ಕನಕಪ್ಪ. ಅಷ್ಟೇ. ಸೆಲ್ಯೂಟು ಇಲ್ಲ. ನನಗೆ ಕೆಟ್ಟದೆನಿಸಿತು. ಗುಜರಿಯವನ ಅಂಗಡಿ ಇಲ್ಲಿಂದ ಕಾಣುವಷ್ಟು ದೂರ, ಅವರು ಆ ಕಡೆ ನೋಡದಂತೆ ಕುತ್ತಿಗೆ ಬಿಗಿಹಿಡಿದು ಕುಳಿತಿದ್ದರು.

ನಿಂಗರಾಜನೇ ಹೇಳಿದ: "ತಂಗಿ ಆಣಿ ಮಾಡ್ಯಾಳ್ರಿ. ಗುಜರಿಗೇ ಎಳಕೊಂಡು ಹೊಂಟಿದ್ವಿ. ಮಾವಾ ಒಂದ ಮಾತು ಕೇಳಿದಾ, 'ರೋಗ ಏನಂತ ತಿಳಕೊಂಡಾದ್ರೂ ಬಿಡ್ತೇನಿ' ಅಂದಾ. ಅದಕ್ಕ ಬಂದ್ವಿ."

ಸತ್ಯವ್ವ ನನ್ನ ಅಂಗಡಿಯ ಹೊಸ್ತಿಲ ಮೇಲೆ ಬಂದು ಕುಳಿತಳು. ಮುಖ ಕಲ್ಲು. ನಾನು ನೀರು ಕೊಟ್ಟೆ, ಮುಟ್ಟಲಿಲ್ಲ.

ಇವರು ಅಭ್ಯಾಸದಂತೆ ಬಾನೆಟ್ಟಿನ ಮೇಲೆ ಕೈ ಇಟ್ಟರು, ಕಣ್ಣು ಮುಚ್ಚಿದರು. ನಾನು ಕಿಟಕಿಯಿಂದ ಕೆಮ್ಮಿದೆ. ಕೈ ತೆಗೆದರು. ಏನೂ ಹೇಳದೆ ಬಾನೆಟ್ ಎತ್ತಿ, ಎಷ್ಟೋ ವರ್ಷಗಳ ಮೇಲೆ, ವೈರಿನ ಒಂದು ತುದಿ ಹಿಡಿದುಕೊಂಡರು.

ಅಶ್ಫಾಕನಿಂದ ಚಾರ್ಜ್ ಆದ ಎರಡು ಬ್ಯಾಟರಿ ಇಸಿದುಕೊಂಡು ಎಂಜಿನ್ ಚಾಲೂ ಮಾಡಿದರು. ಮುಳ್ಳು ಅತ್ತಲೇ. ಒಂದು ತುಂಡು ವೈರು ತೆಗೆದು, ರೆಗ್ಯುಲೇಟರ್ ಇಲ್ಲದೇ ಡೈನಮೋ ತಾನೇ ದುಡಿಯುವಂತೆ ಒಂದು ಕ್ಷಣ ಅದರಿಂದ ಗಾಡಿಯ ಮೈಗೆ ಮುಟ್ಟಿಸಿದರು. ಮುಳ್ಳು ಚಂಗನೆ ಇತ್ತ ಹಾರಿತು. "ಡೈನಮೋ ಗಟ್ಟಿ ಐತಿ" ಎಂದರು ಮೆತ್ತಗೆ. ಹಾಗಾದರೆ ರೆಗ್ಯುಲೇಟರಿನದೇ ತಪ್ಪು. ಅದರ ವೈರುಗಳನ್ನು ಬಿಚ್ಚಿ, ಅಂಗಡಿಯಲ್ಲಿದ್ದ ತಮ್ಮ ಖಾತ್ರಿಯ ರೆಗ್ಯುಲೇಟರ್ ತಂದು ಜೋಡಿಸಿದರು. ಅದೂ ಕೆಲಸ ಮಾಡಲಿಲ್ಲ. ಅಶ್ಫಾಕ ಬಾಯಿ ತೆಗೆದ, ನಾನು ಕಣ್ಣು ಬಿಟ್ಟೆ, ಮುಚ್ಚಿಕೊಂಡ. ಇವರು ಆ ಖಾತ್ರಿಯ ಡಬ್ಬಿಯನ್ನು ಎತ್ತಿ ಬಂಪರಿನ ಬರೀ ಕಬ್ಬಿಣಕ್ಕೆ ಒತ್ತಿ ಹಿಡಿದರು. ಮುಳ್ಳು ಮತ್ತೆ ಹಾರಿತು!

"ಆಹಾ" ಎಂದರು. ಬೇರೆಯವರಿಗೆ ಅರ್ಥವಾಗಲೆಂದು, ಅಂದರೆ ತಮ್ಮ ಜಾಣತನ ತಿಳಿಯಲೆಂದು, ಕನಕಪ್ಪನವರಿಗೆ ವಿವರಿಸಿದರು. "ಕರೆಂಟ್ ಹೋದ್ರ ಸಾಲದ್ರಿ, ತಿರುಗಿ ಬರಬೇಕು. ಈ ಡಬ್ಬಿಯಿಂದ ಗಾಡಿ ಮೈಗೆ ಒಂದು ಪಟ್ಟಿ ಐತಿ, ಅರ್ಥ್ ಅಂತೀವಿ. ಅದ ವಾಪಸ್ ಬರೂ ದಾರಿ. ಆ ದಾರಿ ಕಟ್ಟಾಗೇತಿ. ಡಬ್ಬಿ ಬಾಯಿ ಬಡಕೊಂಡ್ರೂ ಡೈನಮೋಕ್ಕ ಕೇಳಂಗಿಲ್ಲ." ಪ್ರತಿ ಸಲ ಎಲ್ಲ ಬಿಚ್ಚಿ ಬಿಗಿಯುವಾಗ ಆ ಪಟ್ಟಿಯೂ ಒಂದಿಷ್ಟು ಉಜ್ಜಿ ಕಬ್ಬಿಣಕ್ಕೆ ಮುಟ್ಟುತ್ತಿತ್ತು, ಅದಕ್ಕೇ ಸರಿಯಾಗುತ್ತಿತ್ತು, ಕಾರ್ಬನ್ನಿನಿಂದಲ್ಲ, ಬ್ಯಾಟರಿಯಿಂದಲ್ಲ, ಇವರ ಕೈಗುಣದಿಂದಂತೂ ಅಲ್ಲವೇ ಅಲ್ಲ. ಈ ಭಾಗವನ್ನು ಅವರು ವಿವರಿಸಲಿಲ್ಲ, ನಾನು ನಂತರ ಲೆಕ್ಕ ಹಾಕಿಕೊಂಡೆ.

ಬಾಗಿ ಪಟ್ಟಿ ಬಿಚ್ಚಿದರು. ಕೈ ಒಳಗೆ ಹೋದದ್ದು ಅಲ್ಲೇ ನಿಂತಿತು. ತಲೆ ಎತ್ತಿ ಸತ್ಯವ್ವನನ್ನು ನೋಡಿದರು. ನಾನೂ ನೋಡಿದೆ. ಕಲ್ಲಿನಂತಿದ್ದ ಆಕೆಯ ಮುಖ ಬಿಳಿಚಿಕೊಂಡಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

"ಏನ್ರಿ ಮಿಸ್ತ್ರಿ? ಏನ ಸಿಕ್ತು?" ಎಂದರು ಕನಕಪ್ಪ.

ಇವರು ಮುಷ್ಟಿ ಕಟ್ಟಿ ಕೈ ಹೊರಗೆ ತೆಗೆದರು. ಅರಿವೆ ಚಿಂದಿಯಿಂದ ಒಳಗೆಲ್ಲ ಒರೆಸಿ, ಆ ಚಿಂದಿಯನ್ನು ಜೇಬಿಗೆ ತುರುಕಿಕೊಂಡರು. ಆಮೇಲೆ, ಅಲ್ಲಾಹನ ಮೇಲಾಣೆ, ನಾನು ನನ್ನ ಕಿವಿಯಾರೆ ಕೇಳಿದೆ:

"ನನ್ನ ತಪ್ಪು."

ಅಶ್ಫಾಕನ ಕಪ್ಪಿನಿಂದ ಚಹಾ ಅವನ ಚಪ್ಪಲಿಯ ಮೇಲೆ ಸುರಿಯಿತು.

"ಹ್ಞೂ, ನನ್ನ ತಪ್ಪು. ಹೋದ ಸಲ ಈ ಪಟ್ಟಿ ನಟ್ ಬಿಗಿ ಮಾಡೂದು ಮರತಿದ್ನಿ. ಅದರ ಹಿಂದಿನ ಸಲಾನೂ. ಜೀಪಿಂದೇನೂ ತಪ್ಪಿಲ್ಲ, ಅದು ಹುಲಿ. ನಾನಽ ಕತ್ತಿ."

ಕತ್ತೆ ಎಂದು ತಮಗೆ ತಾವೇ ಹೇಳಿಕೊಂಡರು. ಆ ದಿನ ಸೂರ್ಯ ಎಲ್ಲಿ ಹುಟ್ಟಿದ್ದಾನೆಂದು ನಾನು ನಿಜವಾಗಿಯೂ ಹೊರಗೆ ಇಣುಕಿ ನೋಡಿದೆ.

ಮೊದಲು ಎದ್ದವಳು ಸತ್ಯವ್ವ. ಎಷ್ಟು ಬೇಗ ಎದ್ದಳೆಂದರೆ ನಾನಿಟ್ಟ ನೀರಿನ ಲೋಟ ಉರುಳಿತು. "ಮಿಸ್ತ್ರಿ ತಪ್ಪಂದ್ರ ಮತ್ತ ಜೀಪ್ ಯಾಕ ಗುಜರಿಗಿ ಹೋಗಬೇಕು? ನಾ ಆಣಿ ಮಾಡಿದ್ದು ಜೀಪ್ ನಿಂತ್ರ ಅಂತ. ಇದು ನಿಂತಿಲ್ಲ, ಇವರು ನಿಲ್ಲಿಸ್ಯಾರ! ಏನೋ ಅಣ್ಣಾ, ಹೌದಿಲ್ಲೋ?" ನಿಂಗರಾಜ ತಲೆ ಕೆರೆದುಕೊಂಡ. ನ್ಯಾಯ ಸ್ವಲ್ಪ ಸೊಟ್ಟಗಿತ್ತು, ಆದರೆ ತಂಗಿಯ ಕಣ್ಣು ನೋಡಿ ಒಪ್ಪಿಕೊಂಡ.

ಇವರು ಪಟ್ಟಿಯನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಬಿಗಿದರು. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿದರು. ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ, ಬಗ್ಗಿಸಿ, ಆ ರೆಗ್ಯುಲೇಟರ್ ಮತ್ತು ಪಟ್ಟಿಯ ಮೇಲೆ ಕೊಡೆಯಂತೆ ಕೂಡಿಸಿದರು. "ಇದ್ಯಾಕ್ರಿ?" ಎಂದರು ಕನಕಪ್ಪ.

"ಮಳಿ, ಧೂಳು. ಮತ್ತ ಕೇಳ್ರಿ, ಬಾನೆಟ್ಟಿನ ಒಳಗ ಇನ್ನ ಯಾರೂ ಕೈ ಹಾಕಬಾರದು. ಪೂಜಿ ಗೀಜಿ ಮಾಡೂದಿದ್ರ ಮುಂದಿನ ಬಂಪರಿಗೆ. ಎಡಗಡೆ. ಪ್ರತಿ ಅಮವಾಸ್ಯಿ ಮಾಡಿದ್ರೂ ನಡೀತದ. ಮಿಲಿಟರಿ ರೂಲ್ ಐತಿ."

"ಅಂಥಾ ರೂಲ್ ಇಲ್ರಿ ಮಿಸ್ತ್ರಿ. ನಾ ಅಷ್ಟ ವರ್ಷ ಇದ್ದೆ."

"ಐತಿ. ನಿಮಗ ಮರತೈತಿ" ಎಂದು ಇವರು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಕನಕಪ್ಪ ಅಟೆನ್ಷನ್ನಿನಲ್ಲಿ ನಿಂತುಬಿಟ್ಟರು.

ಜೀಪು ಗುಳೇದಗುಡ್ಡಕ್ಕೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಇವರು ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ನೀರು ಹಾಕುತ್ತಿದ್ದೆ. ಬೆರಳ ಸಂದಿಯಲ್ಲಿ ಹಳದಿ ಹಿಟ್ಟಿನಂಥದ್ದು ಮೆತ್ತಿತ್ತು. ಸಾಬೂನು ಹಚ್ಚಿದೊಡನೆ ಅಂಗೈಯೆಲ್ಲ ಕುಂಕುಮದಂತೆ ಕೆಂಪಾಯಿತು. ಬಟ್ಟೆಯಲ್ಲೇ ಬದುಕಿದವಳು ನಾನು. ಸಾಬೂನು ಕಂಡರೆ ಕೆಂಪಾಗುವ ಹಳದಿ ಒಂದೇ, ಅರಿಶಿಣ.

"ಏನದು?" ಎಂದೆ.

"ತುಕ್ಕು."

"ತುಕ್ಕು ಸಾಬೂನಿಗೆ ಕೆಂಪಾಗಂಗಿಲ್ರಿ."

"ಇದು ಮಿಲಿಟರಿ ತುಕ್ಕು" ಎಂದು ಹೇಳಿ, ಕೈ ಒರೆಸಿಕೊಂಡು ಹೋದರು.

ನನಗೆ ಎಲ್ಲ ತಿಳಿಯಿತು. ಹಳದಿ ಮೊದಲೂ ಅವರ ಕಣ್ಣಿಗೆ ಬಿದ್ದಿರಬೇಕು. ಆದರೆ ಗಾಡಿಯ ಮೇಲಿನ ಭಂಡಾರ ನಮ್ಮ ಕಡೆಯವರಿಗೆ ಕಾಣುವುದೇ ಇಲ್ಲ, ಅಷ್ಟು ರೂಢಿ. ಭಂಡಾರದ ಮೇಲೆ ಕಾಯಿಯ ನೀರು ಬಿದ್ದು, ಪಟ್ಟಿಯ ಅಡಿಗೆ ಇಳಿದು, ತಾಮ್ರ ಕಿಲುಬು ಹಿಡಿದು, ಗಾರೆಯಂತೆ ಕೂತಿತ್ತು. ಅದನ್ನು ಹಾಕಿದವರು ಯಾರೆಂದು ಹೇಳಿದ್ದರೆ ಇವರ ಹೆಸರು ಉಳಿಯುತ್ತಿತ್ತು, ಸತ್ಯವ್ವನದು ಅಣ್ಣನ ಮುಂದೆ, ಗಂಡನ ಮುಂದೆ ಹೋಗುತ್ತಿತ್ತು. ಇವರು ಲೆಕ್ಕ ಹಾಕಲೂ ನಿಲ್ಲಲಿಲ್ಲ. ಇಡೀ ಬಾಳಿನ ಬಡಾಯಿಯನ್ನು ಒಂದು ಚಿಂದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು. ಆ ದಿನ ಈ ಮನುಷ್ಯನ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಸಿಟ್ಟೂ ಅಷ್ಟೇ ಬಂತು. ಇಷ್ಟು ವರ್ಷ ನಾನು ಕಾದ ಆ ಎರಡು ಶಬ್ದಗಳನ್ನು ಕಂಡವರ ಜೀಪಿಗೆ ಕೊಟ್ಟುಬಿಟ್ಟರಲ್ಲ!

ಅಶ್ಫಾಕ ಸುಮ್ಮನಿರುತ್ತಾನೆಯೇ? ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಲಾರಿಯವರು ಬಂದು, "ಮಿಸ್ತ್ರಿ, ನಟ್ ಬಿಗಿ ಮಾಡೀರಿಲ್ಲೋ? ಮರತೀರಿ ಮತ್ತ!" ಎಂದು ನಗತೊಡಗಿದರು. ಇವರು ಹಲ್ಲು ಕಚ್ಚಿ ನಟ್ಟು ಬಿಗಿಯುತ್ತಿದ್ದರು. ಬಾನೆಟ್ಟಿನ ಮೇಲೆ ಕೈ ಇಡುವುದನ್ನು ಬಿಟ್ಟರು.

ಮುಂದಿನ ಅಮವಾಸ್ಯೆಯ ಮರುದಿನ ಜೀಪು ತಾನೇ ಓಡಿಕೊಂಡು ಬಂತು, ಹಗ್ಗವಿಲ್ಲದೆ. ಮುಂದಿನ ಬಂಪರಿನ ಎಡಗಡೆ ಭಂಡಾರ ಮೆತ್ತಿ ಚಿನ್ನದಂತೆ ಹೊಳೆಯುತ್ತಿತ್ತು. ಕನಕಪ್ಪ ಇಳಿಯಲಿಲ್ಲ, ರೂಲು. ಸತ್ಯವ್ವ ಗುಳೇದಗುಡ್ಡದ ಖಣ ಹಿಡಿದು ಒಳಗೆ ಬಂದಳು, ಕುಪ್ಪಸ ಹೊಲಿಸಲು. ಅಳತೆಗೆ ಕೈ ಎತ್ತಿ ನಿಂತವಳು ಇದ್ದಕ್ಕಿದ್ದಂತೆ ಅತ್ತಳು.

"ಬಾನಕ್ಕಾ, ನಿಮ್ಮ ಯಜಮಾನ್ರು ಏನೂ ಮರತಿದ್ದಿಲ್ಲ. ನಾನಽ ಹಾಕ್ತಿದ್ನಿ. ಇವರು ಗುಡಿಗೆ ಹೋದಾಗ ಬಾನೆಟ್ ಎತ್ತಿ, ಎದಿಯಾಗ ದೇವರಿರಲಿ ಅಂತ ಒಳಗಽ ಭಂಡಾರ ಹಾಕಿ ಕಾಯಿ ಒಡೀತಿದ್ನಿ. ದಾರಿಯಾಗ ನಿಲ್ಲಬಾರದು ಅಂತ."

"ಸವತಿ ಅಂತಿದ್ದಿ?"

"ಸವತೀನಽ. ಆದ್ರ ನೋಡು, ಸೈನ್ಯದಿಂದ ಬಂದ ಮ್ಯಾಲೆ ಇವರು ಮನ್ಯಾಗ ಮಾತಽ ಆಡಂಗಿಲ್ಲ. ಗೋಡಿ ನೋಡ್ತ ಕುಂಡ್ರತಾರ. ಆ ಜೀಪಿನಾಗ ಕುಂತ್ರ ಮಾತ್ರ ಬಾಯಿ ಬಿಡ್ತಾರ. ಬರ್ಫಿನ ಸುದ್ದಿ, ಗೆಳ್ಯಾರ ಸುದ್ದಿ, ನಾ ಸಣ್ಣಾಕಿದ್ದಾಗಿನ ಸುದ್ದಿ, ಎಲ್ಲಾ ಹೇಳ್ತಾರ. ಕಮತಗಿ ಸಂತ್ಯಾಗ ಸಿಟ್ಟಿಗೆ ಬಾಯಿಗೆ ಬಂದದ್ದು ಅಂದ್ನಿ. ಆಮ್ಯಾಲೆ ಗುಜರಿ ದಾರಿ ಹಿಡದಾಗ ನನ್ನ ಜೀವಾನಽ ಎಳಕೊಂಡು ಹೊಂಟಂಗ ಆಗಿತ್ತು."

ನಾನು ಟೇಪು ಕೊರಳಿಗೆ ಹಾಕಿಕೊಂಡೆ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ.

ಆಕೆ ಕಣ್ಣೊರೆಸಿಕೊಂಡು, "ನಡೀ, ಮಂದಿ ಮುಂದ ಹೇಳಿಬಿಡ್ತೇನಿ. ನನ್ನ ಸಲುವಾಗಿ ಅವರ ಹೆಸರು ಯಾಕ ಕೆಡಬೇಕು?" ಎಂದಳು. ಹೊರಗೆ ಅಶ್ಫಾಕ, ಇಬ್ಬರು ಲಾರಿಯವರು, ಎಲ್ಲ ಇದ್ದರು. ಒಂದು ಕ್ಷಣ ನನ್ನ ಮನಸ್ಸು ಹೌದೆಂದಿತು. ಹೇಳಲಿ, ಇವರ ಹೆಸರು ತೊಳೆದು ಹೋಗಲಿ.

ಕಿಟಕಿಯಾಚೆಯಿಂದ ಇವರ ದನಿ ಬಂತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. "ಸತ್ಯವ್ವಾರ, ಸುಮ್ನಿರ್ರಿ. ನಟ್ ನಾನಽ ಮರತಿದ್ನಿ."

"ಅಲ್ರಿ ಮಿಸ್ತ್ರಿ, ನಾ—"

"ನಾ ಹೇಳಾಕತ್ತೇನಲ್ಲ, ನನ್ನ ತಪ್ಪು! ನಿಮಗೇನು ಗೊತ್ತು ಕರೆಂಟಿನ ವಿಷಯ? ಹೋಗ್ರಿ, ಕನಕಪ್ಪಾರು ಕಾಯಾಕತ್ತಾರ."

ಮಾಡಿದ ಒಂದು ತಪ್ಪನ್ನೂ ಒಪ್ಪದ ಮನುಷ್ಯ, ಮಾಡದ ತಪ್ಪನ್ನು ಬಿಟ್ಟುಕೊಡಲೊಲ್ಲ. ನಾನೂ ಸತ್ಯವ್ವನೂ ಮುಖ ಮುಖ ನೋಡಿಕೊಂಡೆವು. ಅಳು ಇದ್ದ ಜಾಗದಲ್ಲೇ ನಗು ಬಂತು. ಆಕೆ ಹೋಗಿ ಜೀಪು ಏರಿ ಕುಳಿತಳು. ಕೂತ ಕೂಡಲೇ ಕನಕಪ್ಪ ಶುರುಮಾಡಿದರು, ಯಾವುದೋ ಹಿಮದ ಸೇತುವೆಯ ಕಥೆ. ಎಂಜಿನ್ನಿನ ಸದ್ದಿನ ಮೇಲೂ ತಿರುವಿನವರೆಗೆ ಅವರ ದನಿ ಕೇಳುತ್ತಿತ್ತು.

ಮನಸ್ಸು ಮೆತ್ತಗಾಗಿರುವ ಹೊತ್ತು ಇದೇ ಎಂದು ನಾನು ಕಿಟಕಿಗೆ ಮುಖ ಹಚ್ಚಿ ಕೇಳಿದೆ: "ಏನ್ರಿ, ನನ್ನ ಮಷೀನಿನ ಮೋಟಾರ್ ಸುಟ್ಟದ್ದು ಯಾರ ತಪ್ಪು?"

"ಲೈನಿಂದು" ಎಂದರು, ತಲೆ ಎತ್ತದೆ.

ನಾನು ಬಂದು ಯಂತ್ರದ ಮುಂದೆ ಕುಳಿತು ತುಳಿಯತೊಡಗಿದೆ. ಖಣ ಕತ್ತರಿಸಲು ತೆಗೆದಾಗ ನೆನಪಾಯಿತು, ಸತ್ಯವ್ವನ ಅಳತೆಯನ್ನೇ ತೆಗೆದುಕೊಂಡಿರಲಿಲ್ಲ. ಅದು ಮಾತ್ರ ನನ್ನ ತಪ್ಪು.